ಅಮ್ಮನ ಮರ, ಮಾವನ ಹೊಲ

ನಮ್ಮ ಅಮ್ಮನಿಗೆ ತನ್ನದು ಅಂತ ಹೇಳಿಕೊಳ್ಳೋಕೆ ಇದ್ದದ್ದು ಒಂದು ಹುಣಸೆ ಮರ. ಅದನ್ನು ಕೊಂದವನು ಅವಳ ಸ್ವಂತ ತಮ್ಮ, ನನ್ನ ಸೋದರಮಾವ.

ನಾವು ಮೈಸೂರು ಮೈನ್ಸ್ ಅನ್ನುವ ಚಿನ್ನದ ಗಣಿಯ ಲೈನ್ ಮನೆಯಲ್ಲಿದ್ದೆವು. ತಟ್ಟಿ ಗೋಡೆ, ತಗಡಿನ ಸೂರು, ಮುಂದೆ ಒಂದು ಗೇಣು ಜಗಲಿ. ಅಪ್ಪ ಗಣಿಯೊಳಗೆ ಇಳಿಯುತ್ತಿರುವ ತನಕ ಆ ಮನೆ ನಮ್ಮದು, ಅಪ್ಪನ ಕೆಲಸ ಮುಗಿದರೆ ಇನ್ನೊಬ್ಬರದು. ಗೋಡೆಗೆ ಮೊಳೆ ಹೊಡೆಯೋಕೂ ಅಮ್ಮ ಯೋಚನೆ ಮಾಡುತ್ತಿದ್ದಳು. ನೀರು ಬೀದಿ ನಲ್ಲಿಯದು, ದೀಪ ಬೀದಿ ಕಂಬದ್ದು. ಹಾಗಾಗಿ ಬಂಗಾರಪೇಟೆ ಪಕ್ಕದ ತವರೂರಿನಲ್ಲಿದ್ದ ಆ ಮರದ ಮಾತು ಬಂದಾಗ ಮಾತ್ರ ಅಮ್ಮನ ದನಿ ಬೇರೆಯಾಗುತ್ತಿತ್ತು.

ನಮ್ಮ ಕಡೆ ಆಗ ಹೊಲ ಒಬ್ಬರದಾಗಿ ಅದರಲ್ಲಿರುವ ಮರ ಇನ್ನೊಬ್ಬರದಾಗಿರುವುದು ಹೊಸದೇನಲ್ಲ. ಅಮ್ಮನ ಮದುವೆಯಲ್ಲಿ ತಾತ ಊರಿನ ಹಿರಿಯರನ್ನೆಲ್ಲ ಹೊಲಕ್ಕೆ ಕರೆದುಕೊಂಡು ಹೋಗಿ, ಮರಕ್ಕೆ ಅರಿಶಿನ ಕುಂಕುಮ ಹಚ್ಚಿಸಿ, ಅಮ್ಮನ ಕೈಗೆ ನೀರು ಬಿಟ್ಟಿದ್ದನಂತೆ. ನೆಲ ಮಗನಿಗೆ, ಮರ ಮಗಳಿಗೆ. ಅಜ್ಜಿ ಬೇಗ ತೀರಿಹೋಗಿದ್ದಳು. ಆ ಮಗನನ್ನು ಸೊಂಟದ ಮೇಲೆ ಹೊತ್ತು ಸಾಕಿದವಳೂ ಅಮ್ಮನೇ.

ಸಂಕ್ರಾಂತಿ ಕಳೆದ ಮೇಲೆ ನಾವು ಖಾಲಿ ಚೀಲ ಹಿಡಿದು ರೈಲು ಹತ್ತುತ್ತಿದ್ದೆವು. ಬಂಗಾರಪೇಟೆಯಲ್ಲಿ ಇಳಿದು ನಡೆದು ಹೋಗುವುದು. ಉದ್ದನೆಯ ಗಳದಲ್ಲಿ ಕಾಯಿ ಬಡಿದು, ಮಾವನ ಅಂಗಳದಲ್ಲೇ ಸಿಪ್ಪೆ ಬಿಡಿಸಿ, ಬೀಜ ತೆಗೆದು, ಉಪ್ಪು ಬೆರೆಸಿ ತುಂಬಿಕೊಂಡು ಬರುತ್ತಿದ್ದೆವು. ಲೈನಿನ ತಮಿಳು ಹೆಂಗಸರು ಅಮ್ಮನನ್ನು ಪುಳಿ ಅಕ್ಕ, ಹುಣಸೆಹಣ್ಣಿನ ಅಕ್ಕ, ಅಂತಲೇ ಕರೆಯುತ್ತಿದ್ದರು. ನಮ್ಮ ಹುಣಸೆಹಣ್ಣು ಬರುವ ತನಕ ಅಂಗಡಿಯದನ್ನು ಕೊಳ್ಳದೆ ಕಾಯುವವರಿದ್ದರು. ನನ್ನ ಸ್ಕೂಲಿನ ಲಂಗ, ಪುಸ್ತಕ ಎಲ್ಲ ಆ ಮರದಿಂದಲೇ ಬಂದವು.

ಊರಿಗೆ ಕರೆಂಟು ಕಂಬ ಬಂದ ಮೇಲೆ ಮಾವನ ಲೆಕ್ಕಾಚಾರ ಬದಲಾಯಿತು. ಬಾವಿ ತೋಡಿಸಿ ಪಂಪು ಕೂರಿಸಿದ. ರಾಗಿ ಬಿಟ್ಟು ಆಲೂಗಡ್ಡೆ ಹಾಕಬೇಕು ಅಂದ. ಮರದ ನೆರಳು ಅರ್ಧ ಹೊಲ ತಿನ್ನುತ್ತದೆ ಎಂದು ಗೊಣಗಿದ.

"ಅಕ್ಕಾ, ಮರ ಕೊಟ್ಬುಡು, ಏನಾರ ಕೊಡ್ತೀನಿ" ಅಂದ.

"ಅಪ್ಪ ಕೊಟ್ಟಿದ್ದು ಕಣ್ಲಾ. ನಾನ್ ಮಾರಾಕಿಲ್ಲ" ಅಂದಳು ಅಮ್ಮ.

ಮಾವ ಮತ್ತೆ ಆ ಮಾತು ಎತ್ತಲಿಲ್ಲ. ಆ ಸಲ ಎಂದೂ ಇಲ್ಲದ ಹಾಗೆ ನಮ್ಮ ಚೀಲವನ್ನು ತಾನೇ ಹೊತ್ತು ಸ್ಟೇಷನ್ ತನಕ ಬಂದ. ಆಗಲೇ ಅವನು ಮನಸ್ಸಿನಲ್ಲಿ ನಿಶ್ಚಯ ಮಾಡಿಕೊಂಡಿದ್ದ ಎಂದು ಈಗ ನನಗೆ ಗೊತ್ತು.

ಮುಂದಿನ ವರ್ಷ ಹೋದಾಗ ದೂರದ ಬದುವಿನಲ್ಲೇ ಅಮ್ಮ ನಿಂತುಬಿಟ್ಟಳು. ಮರದಲ್ಲಿ ಒಂದು ಎಲೆ ಇರಲಿಲ್ಲ. ಬೆರಳುದ್ದದ ಕಾಯಿಗಳು ಕಪ್ಪಗೆ ಸುರುಟಿ ನೇತಾಡುತ್ತಿದ್ದವು. ಬುಡದ ಸುತ್ತ ಎದೆಮಟ್ಟ ರಾಗಿ ಹುಲ್ಲು ಒಟ್ಟಿದ್ದರು.

ಮಾವ ಓಡಿ ಬಂದ. "ಸಿಡ್ಲು ಬಡೀತು ಅಕ್ಕಾ. ಏನ್ ಮಾಡಾದು, ನಮ್ ಅಣೆಬರ."

ಅಮ್ಮ ಹುಲ್ಲನ್ನು ಹಿಡಿ ಹಿಡಿಯಾಗಿ ಕಿತ್ತು ಎಸೆಯತೊಡಗಿದಳು. ಮಾವ ಬೇಡ ಬೇಡ ಅಂದ, ಹಾವಿರುತ್ತದೆ ಅಂದ. ನಾನೂ ಸೇರಿ ಕಿತ್ತೆ. ಹುಲ್ಲಿನ ಹಿಂದೆ ಬುಡದ ಸುತ್ತ ಮೊಳದಗಲ ತೊಗಟೆಯೇ ಇರಲಿಲ್ಲ. ಕೊಡಲಿಯಲ್ಲಿ ಸವರಿದ್ದರು. ಬೋಳು ಕಟ್ಟಿಗೆಯಲ್ಲಿ ಸಾಲಾಗಿ ತೂತುಗಳು. ಮೂಗು ಹತ್ತಿರ ಇಟ್ಟರೆ ಸೀಮೆಎಣ್ಣೆ ವಾಸನೆ.

ಅಮ್ಮ ಒಂದು ತೂತಿನೊಳಗೆ ಬೆರಳು ಇಟ್ಟು ತಿರುಗಿಸಿದಳು. "ಸಿಡ್ಲು ಬೈರಿಗೆ ಇಡ್ಕಂಡ್ ಬತ್ತದೇನ್ಲಾ?"

ಮಾವನ ಮುಖ ಬಿಗಿಯಿತು. "ಒಲ ನಂದು. ನೆಳ್ಳಾಗೆ ಏನ್ ಬೆಳೀಲಿ? ಆಗಿದ್ದು ಆಯ್ತು. ಕಡ್ಸಿ ಸೌದೆ ತಕಂಡ್ ಓಗು."

"ಕಡ್ಸಾಕಿಲ್ಲ."

"ಸತ್ತಿರಾ ಮರ ಮಡೀಕಂಡ್ ಏನ್ ಮಾಡ್ತೀಯ?"

"ಸತ್ರೂ ನಂದೇ. ಇಲ್ಲೇ ನಿಂತಿರ್ತದೆ. ನೀನ್ ದಿನಾ ನೋಡು."

ಮಾವ ಪಂಚಾಯ್ತಿ ಸೇರಿಸಿದ. ಅಮ್ಮನ ಮದುವೆ ದಿನ ಹೊಲದಲ್ಲಿ ನಿಂತಿದ್ದ ಒಬ್ಬ ಮುದುಕಪ್ಪ ಇನ್ನೂ ಬದುಕಿದ್ದ. ಅವನು ಮಾವನ ಮುಖ ನೋಡದೆ ಹೇಳಿದ: "ಕೊಟ್ಟಾಗ ನಾನಿದ್ದೆ. ಮರ ಅವ್ಳ್ದು. ಯಾವಾಗ್ ಕಡೀಬೇಕು ಅನ್ನಾದೂ ಅವ್ಳ್ದೇ."

ವಾಪಸ್ ಬರುವಾಗ ರೈಲಿನಲ್ಲಿ ನಾನು ಖಾಲಿ ಚೀಲಗಳನ್ನು ಮಡಿಲಲ್ಲಿಟ್ಟುಕೊಂಡು ಅಳುತ್ತಿದ್ದೆ. ಅಮ್ಮ ನನ್ನ ಗಲ್ಲ ಹಿಡಿದು ತಿರುಗಿಸಿದಳು. "ಅಳ್ಬೇಡ. ಅವ್ನ್ ಅಳಾದ್ ನೋಡೀವಂತೆ." ನನ್ನ ಅಳು ಅಲ್ಲೇ ನಿಂತಿತು. ಆ ಮಾತು ಕೊಟ್ಟಷ್ಟು ಧೈರ್ಯ ಆಮೇಲೆ ನನಗೆ ಯಾರ ಸಮಾಧಾನವೂ ಕೊಟ್ಟಿಲ್ಲ.

ಮರ ವರ್ಷಗಟ್ಟಲೆ ಹಾಗೇ ನಿಂತಿತು. ಬಿಸಿಲಿಗೆ ಮೂಳೆಯ ಬಣ್ಣಕ್ಕೆ ತಿರುಗಿತು. ರಣಹದ್ದುಗಳು ಬಂದು ಕೂರುವುದನ್ನು ಕಲಿತವು. ಅವುಗಳ ಹಿಕ್ಕೆ ಬಿದ್ದು ಕೆಳಗಿನ ಗಿಡಗಳು ಸುಟ್ಟವು. ಗಾಳಿ ಬಂದರೆ ತೊಡೆ ಗಾತ್ರದ ಕೊಂಬೆ ಮುರಿದು ಬೀಳುತ್ತಿತ್ತು. ಕಳೆ ಕೀಳುವ ಹೆಂಗಸರು ಆ ಹೊಲಕ್ಕೆ ಬರೋದಿಲ್ಲ ಅಂದರು. ಮಾವನ ಮಗಳನ್ನು ನೋಡಲು ಬಂದ ಗಂಡಿನ ಕಡೆಯವರು ಹೊಲದ ಮಧ್ಯೆ ಹದ್ದುಗಳ ಸಾಲು ಕಂಡು ಊಟಕ್ಕೂ ನಿಲ್ಲದೆ ಹೋದರು. ಅಮ್ಮ ಮಾತ್ರ ವರ್ಷಕ್ಕೊಮ್ಮೆ ತಪ್ಪದೆ ಹೋಗಿ, ಬೆಳೆಯ ನಡುವೆಯೇ ನಡೆದು, ಬುಡ ಮುಟ್ಟಿ ಬರುತ್ತಿದ್ದಳು. ಮರಕ್ಕೆ ದಾರಿ ಅವಳ ಹಕ್ಕು. ತಮ್ಮನ ಮನೆಯಲ್ಲಿ ನೀರು ಕೂಡ ಮುಟ್ಟುತ್ತಿರಲಿಲ್ಲ.

ಒಂದು ಭಾನುವಾರ ಮಾವ ನಮ್ಮ ಲೈನಿಗೆ ಬಂದ. ಒಂದು ಚೀಲ ಅವರೆಕಾಯಿ, ಬೆಲ್ಲದ ಅಚ್ಚು ತಂದಿದ್ದ. ಅಮ್ಮ ಮುದ್ದೆ ತೊಳಸಿ, ಅವನು ತಂದ ಅವರೆಕಾಳಿನ ಸಾರೇ ಮಾಡಿ ಬಡಿಸಿದಳು. ಅವನು ಎರಡು ತುತ್ತು ನುಂಗಿ ಅತ್ತುಬಿಟ್ಟ.

"ನೀನ್ ಸಾಕಿದ್ ಮಗ ಅಲ್ವೇನಕ್ಕ ನಾನು? ಆ ಮರ ತೆಗ್ಸಿಬುಡು. ನಿನ್ ಕಾಲಿಗ್ ಬೀಳ್ತೀನಿ."

"ಸಾರ್ ಸಾಕಾ?" ಅಂದಳು ಅಮ್ಮ.

"ಅಕ್ಕಾ..."

"ಉಂಡಾಯ್ತಾ? ರೈಲಿಗ್ ಒತ್ತಾಯ್ತು. ಓಗ್ ಬಾ."

ಅವನು ತಲೆ ತಗ್ಗಿಸಿ ಲೈನಿನ ತುದಿ ದಾಟುವ ತನಕ ನಾನು ಬಾಗಿಲಲ್ಲಿ ನಿಂತು ನೋಡಿದೆ. ಹೊಟ್ಟೆ ತಣ್ಣಗಾಯಿತು. ಅಪ್ಪ ಮಾತ್ರ "ಬಿಟ್ಬುಡು, ಎಷ್ಟ್ ದಿನ" ಅಂದ. ಅವನು ಯಾವಾಗಲೂ ಹಾಗೇ ಅನ್ನುತ್ತಿದ್ದ.

ಆಮೇಲಿನ ಬೇಸಿಗೆಯಲ್ಲಿ ಬಂಗಾರಪೇಟೆ ಸಂತೆಯಲ್ಲಿ ತವರೂರಿನ ಹೆಂಗಸೊಬ್ಬಳು ಸಿಕ್ಕಳು. ಮಾವ ಗಾಡಿಗಟ್ಟಲೆ ಕೆರೆಗೋಡು, ಕೆರೆಯ ಹೂಳು, ಹೊಡೆಸಿ ಆ ಹೊಲವನ್ನು ಹದ ಮಾಡಿದ್ದಾನೆ, ಬೆಣ್ಣೆ ಇದ್ದಂಗೆ ಐತೆ ಮಣ್ಣು, ಅಂದಳು. ಅಮ್ಮ ಮನೆಗೆ ಬಂದವಳೇ ಅಪ್ಪನಿಗೆ ಹೇಳಿದಳು: "ಈಗ ಕಡ್ಸ್ತೀನಿ. ಬುಡಕ್ಕೆ ಕಡ್ಸಾಕಿಲ್ಲ. ಬೇರ್ ಸಮೇತ."

ಅಪ್ಪ ಬಿಟ್ಟುಬಿಡು ಅನ್ನಬಹುದೆಂದು ನಾನು ಕಾದೆ. ಅವನು ಬೀಡಿ ಆರಿಸಿ, "ಬೇರ್ ತೆಗೆಯಾಕೆ ನಮ್ಮೋರ್ ಬತ್ತಾರೆ" ಅಂದ. ಮಾವ ಹುಲ್ಲಿನ ಮರೆಯಲ್ಲಿ ಮರವನ್ನು ಕದ್ದು ಕೊಂದ ಸಿಟ್ಟನ್ನು ಅಪ್ಪನೂ ಒಳಗೇ ಇಟ್ಟುಕೊಂಡಿದ್ದನೆಂದು ಆವತ್ತು ತಿಳಿಯಿತು.

ರಜಾ ದಿನ ನೋಡಿಕೊಂಡು ಅಪ್ಪನ ಜೊತೆ ಗಣಿಯೊಳಗೆ ಇಳಿಯುವವರು ಗುದ್ದಲಿ, ಹಾರೆ, ಸಲಿಕೆ ಹಿಡಿದು ಬಂದರು. ಮೊದಲು ಮರ ಉರುಳಿಸಿದರು. ಆಮೇಲೆ ಬೇರು. ಬಂಡೆಯೊಳಗೆ ಚಿನ್ನದ ಎಳೆ ಹಿಡಿದು ಹೋಗುವ ಜನ, ಒಂದೊಂದು ಬೇರನ್ನೂ ಹಾಗೇ ಹಿಡಿದು ಹೋದರು. ಬೇರು ಎತ್ತ ತಿರುಗಿತೋ ಅತ್ತ ಕಾಲುವೆ. ತಮಿಳಿನಲ್ಲಿ ನಗುತ್ತಾ, ಹಾಡುತ್ತಾ ಅಗೆದರು. ಕೆಳಗಿನ ಬಿಳಿ ಗರಸು ಮಣ್ಣು ಮೇಲೆ ಬಂದು ಕೆರೆಗೋಡಿನ ಮೇಲೆ ಗುಡ್ಡೆಯಾಗಿ ಬಿತ್ತು. ಅಮ್ಮ ಬದುವಿನ ಮೇಲೆ ಕೊಡೆ ಹಿಡಿದು ಕೂತಿದ್ದಳು, ಪಕ್ಕದಲ್ಲಿ ನಾನು.

ಮಾವ ಮೊದಲು ಕೂಗಾಡಿದ, ಆಮೇಲೆ ಕೈ ಮುಗಿದ. "ಸಾಕ್ ನಿಲ್ಸಕ್ಕಾ. ಒಲ ಆಳಾಗೋಯ್ತು."

"ಕೊಂಬೆ ನಂದಾದ್ರೆ ಬೇರೂ ನಂದೇ ಕಣ್ಲಾ. ಒಂದೂ ಬಿಡಾಕಿಲ್ಲ."

ಅವನು ಮುದುಕಪ್ಪನನ್ನು ಕರೆತಂದ. ಮುದುಕಪ್ಪ ಗುಂಡಿಯ ಅಂಚಿಗೆ ಬಂದು ಇಣುಕಿ, "ಬೇರಿಲ್ದೆ ಮರ ಎಲ್ಲೈತೆ?" ಅಂತ ಕೋಲೂರಿಕೊಂಡು ಹೊರಟುಹೋದ. ಮಾವ ಗರಸಿನ ಗುಡ್ಡೆಯ ಮೇಲೆ ಕುಸಿದು ಕೂತು, ಎಲ್ಲರ ಎದುರಿಗೆ, ಗೊಳೋ ಅಂತ ಅತ್ತ. ಅಮ್ಮ ಕೊಡೆಯನ್ನು ಸ್ವಲ್ಪ ಸರಿಸಿ ನನಗೆ ಚೆನ್ನಾಗಿ ಕಾಣುವ ಹಾಗೆ ಮಾಡಿದಳು.

ಬೊಡ್ಡೆಯನ್ನು ನಮ್ಮ ಲೈನಿನ ಹತ್ತಿರದ ಆಂಡರ್ಸನ್‌ಪೇಟೆಯ ಮಟನ್ ಅಂಗಡಿಯವರು ಮಾಂಸ ಕಡಿಯುವ ಕೊರಡಿಗೆಂದು ಕೊಂಡರು. ಕೊಂಬೆ ಬೇರು ಇಟ್ಟಿಗೆ ಗೂಡಿಗೆ ಹೋದವು. ಆ ಅಂಗಡಿ ಮುಂದೆ ಹೋಗುವಾಗ ಅಮ್ಮ ನಡಿಗೆ ನಿಧಾನ ಮಾಡಿ ಕತ್ತಿಯ ಏಟು ಕೇಳಿಸಿಕೊಳ್ಳುತ್ತಿದ್ದಳು. ಮಳೆಗಾಲದಲ್ಲಿ ಗುಂಡಿ ತುಂಬಿ ನೀರಿನ ಕುಂಟೆಯಾಯಿತು, ಸುತ್ತಲಿನ ಗರಸಿನಲ್ಲಿ ನೇಗಿಲು ಇಳಿಯಲಿಲ್ಲ. ಮಾವ ಉಳಿದ ಅಂಚಿನಲ್ಲಿ ಹುರುಳಿ ಎರಚಿಕೊಂಡಿದ್ದ. ಆಲೂಗಡ್ಡೆಯ ಮಾತು ಯಾರೂ ಕೇಳಲಿಲ್ಲ.

ಅರವತ್ತರ ದಶಕ ಮುಗಿಯುವ ಹೊತ್ತಿಗೆ ನನ್ನ ಮದುವೆಯಾಯಿತು. ಹೆಣ್ಣನ್ನು ಹಸೆಮಣೆಗೆ ಕರೆತರಬೇಕಾದವನು ಸೋದರಮಾವ. ಅಮ್ಮ ಅವನಿಗೆ ಹೇಳಿಯೇ ಕಳಿಸಿರಲಿಲ್ಲ. ಬೇರು ಅಗೆಯಲು ಬಂದಿದ್ದ ಅಪ್ಪನ ಜೊತೆಗಾರನೊಬ್ಬ ನನ್ನ ಕೈ ಹಿಡಿದು ಕರೆತಂದ. ಗಂಡಿನ ಕಡೆಯ ಹಿರಿಯಮ್ಮ ಸುತ್ತ ನೋಡಿ, "ಯಾಕಮ್ಮಾ, ಸೋದರಮಾವ ಇಲ್ಲವಾ?" ಅಂತ ಕೇಳಿದರು.

"ಅವ್ನೆ" ಅಂದಳು ಅಮ್ಮ, ನನ್ನ ಸೆರಗು ಸರಿಮಾಡುತ್ತಾ. "ಒಲದಾಗ್ ಗುಂಡಿ ಮುಚ್ತಾ ಅವ್ನೆ. ಬಿಡುವಿಲ್ಲ ಅವ್ನಿಗೆ."

ತಲೆ ತಗ್ಗಿಸಿ ಕೂತಿರಬೇಕಾದ ಮದುಮಗಳು ನಾನು. ಬಾಸಿಂಗದ ಕೆಳಗೆ ನಗು ತಡೆದುಕೊಳ್ಳಲು ಆಗಲಿಲ್ಲ.