ಉಶ್ಶಮ್ಮನ ಕೈ

ಉಶ್ಶಮ್ಮನ ಮನೆಯಲ್ಲಿ ಕುಕ್ಕರ್ ಕೂಡ ಪಿಸುದನಿಯಲ್ಲೇ ಕೂಗುತ್ತದೆ ಎಂದು ನೆರೆಹೊರೆಯವರು ನಗುತ್ತಿದ್ದರು. ಅವಳು ಬೀದಿಗೆ ಕಾಲಿಟ್ಟರೆ ಸಾಕು, ಎದುರಿನ ಗ್ಯಾರೇಜಿನವನು ಸುತ್ತಿಗೆಯನ್ನು ಬೆನ್ನ ಹಿಂದೆ ಬಚ್ಚಿಡುತ್ತಿದ್ದ.

ಆ ಅಡ್ಡಹೆಸರು ಬಂದದ್ದು ಕೆಲಸದಿಂದ. ದೇಶದ ಹಳೆಯ ಕಾಗದಪತ್ರಗಳನ್ನೆಲ್ಲ ಇಟ್ಟಿದ್ದ ಪತ್ರಾಗಾರದಲ್ಲಿ ಓದುವ ಕೋಣೆಗೆ ಅವಳೇ ಕಾವಲು. ಯಾರಾದರೂ ಕೆಮ್ಮಿದರೆ 'ಉಶ್!' ಅಪ್ಪಣೆಯಿಲ್ಲದೆ ಫೋಟೋ ತೆಗೆಯಹೋದರೆ, ಬಾಯಿಗಿಂತ ಮೊದಲು ಅವಳ ಕೈಯೇ ಹೋಗಿ ಕ್ಯಾಮೆರಾ ಮುಚ್ಚುತ್ತಿತ್ತು.

ಆ ಪತ್ರಾಗಾರದಲ್ಲೇ ಅವಳ ಅಪ್ಪನಿದ್ದ. ಅಪ್ಪ ಅಂದರೆ ಅಪ್ಪನ ಒಂದೇ ಒಂದು ಫೋಟೋ. ಹೊಳೆಗೆ ಸೇತುವೆ ಕಟ್ಟಿದ ಕೂಲಿಗಳು ಸಾಲಾಗಿ ನಿಂತಿದ್ದಾರೆ. ಸಾಲಿನ ತುದಿಯಲ್ಲಿ ಅಪ್ಪ, ನಗುತ್ತ; ಹೆಸರು ಕೆಳಗೇ ಬರೆದಿದೆ. ಆಮೇಲೆ ಅದೇ ಹೊಳೆ ಅವನನ್ನು ಒಯ್ಯಿತು. ಆಗ ಇವಳಿನ್ನೂ ಹೊಟ್ಟೆಯಲ್ಲಿದ್ದಳು, ಅಕ್ಕನಿಗೆ ಮೂರೋ ನಾಲ್ಕೋ ವರ್ಷ.

"ಅಪ್ಪನ ನಡಿಗೆ ನೆನಪಿದೆ ಕಣೇ, ಮುಖ ಇಲ್ಲ. ಒಂದು ಫೋಟೋ ತೆಕ್ಕೊಂಡು ಬಾರೇ" ಎಂದು ಅಕ್ಕ ಗೋಗರೆಯುತ್ತಿದ್ದಳು.

"ನಾನೇ ತೆಗೆದ್ರೆ ಬೇರೆಯವರಿಗೆ ಯಾವ ಬಾಯಲ್ಲಿ ಬೇಡ ಅನ್ಲಿ?"

"ಹಾಗಾದ್ರೆ ನನ್ನೇ ಕರ್ಕೊಂಡು ಹೋಗು."

"ಪಾಸ್ ಇದ್ದವರನ್ನ ಮಾತ್ರ ಬಿಡೋದು ಅಕ್ಕ."

"ಹೆತ್ತಪ್ಪನ್ನ ನೋಡೋಕೂ ಪಾಸಾ? ನಿನ್ನ ನಿಯಮಕ್ಕಿಷ್ಟು ಬೆಂಕಿ ಬೀಳ!"

ಬೆಂಕಿ ಬಿತ್ತು. ನಿಯಮಕ್ಕಲ್ಲ, ಪತ್ರಾಗಾರಕ್ಕೆ. ಉಶ್ಶಮ್ಮ ನಿವೃತ್ತಳಾದ ಮರುವರ್ಷವೇ ಅಷ್ಟೂ ಕಟ್ಟುಗಳು ಬೂದಿಯಾದವು.

ಆಗ ದೇಶವಿದೇಶದ ಸಂಶೋಧಕರು ಒಟ್ಟು ಸೇರಿದರು. ಓದುವ ಕೋಣೆಗೆ ಹಿಂದೆ ಯಾವಾಗಲೋ ಬಂದವರೆಲ್ಲ ತಮ್ಮ ಹತ್ತಿರವಿದ್ದ ಫೋಟೋಗಳನ್ನು ಕಳಿಸುವುದು, ಸುಟ್ಟ ಪತ್ರಾಗಾರವನ್ನು ಇಂಟರ್‌ನೆಟ್ಟಿನಲ್ಲಿ ಮತ್ತೆ ಕಟ್ಟುವುದು ಎಂದಾಯಿತು. ಯಾವ ಹಾಳೆ ಯಾವ ಕಟ್ಟಿನದು ಎಂದು ಗುರುತಿಸಲು ಉಶ್ಶಮ್ಮನ ಮನೆಗೂ ಒಂದು ಕಂಪ್ಯೂಟರ್ ಕೊಟ್ಟರು. ಆದರೆ ಅಪ್ಪಣೆ ಪಡೆದು ಬಂದವರೆಲ್ಲ ತೆಗೆದಿದ್ದದ್ದು ಬಹುಪಾಲು ಒಂದೇ ಫೋಟೋ: ಮೊದಲ ಮಂತ್ರಿಮಂಡಲದ್ದು.

"ಅಪ್ಪ ಬಂದ್ನೇನೇ?" ಅಕ್ಕ ದಿನಾ ಸಂಜೆ ಕೇಳುವಳು.

"ಇಲ್ಲಕ್ಕ. ಇವತ್ತೂ ಮಂತ್ರಿಗಳೇ."

"ಹಾಳಾದೋರು, ಮನೆ ತುಂಬ ಅವರೇ ಆದರಲ್ಲೇ!"

ಕೊನೆಗೊಂದು ದಿನ, ಸೇತುವೆಗಳ ಚರಿತ್ರೆ ಬರೆಯುವವನೊಬ್ಬ ಒಂದು ಫೋಟೋ ಕಳಿಸಿದ. 'ಕದ್ದು ತೆಗೆದದ್ದು, ಕ್ಷಮಿಸಿ' ಎಂದು ಜೊತೆಗೆ ಬರೆದಿದ್ದ. ಉಶ್ಶಮ್ಮ ಅಕ್ಕನನ್ನು ಕೂಗಿ ಕರೆದು, ಕನ್ನಡಕ ಒರೆಸಿ ಕೊಟ್ಟಳು. ಫೋಟೋ ಮೇಲಿನಿಂದ ನಿಧಾನವಾಗಿ ತೆರೆದುಕೊಂಡಿತು. ಸೇತುವೆಯ ಕಮಾನು. ಸಾಲಿನ ಮೊದಲ ನಾಲ್ವರು. ಅಲ್ಲಿಂದ ಸಾಲಿನ ತುದಿಯವರೆಗೂ ಮಸುಕು ಮಸುಕಾದ ದೊಡ್ಡದೊಂದು ಅಂಗೈ.

"ಇದ್ಯಾರ ಕೈಯೇ, ಇಷ್ಟಗಲ ಅಡ್ಡ ಬಂದಿರೋದು?"

ಹೆಬ್ಬೆರಳ ಬುಡದ ಸುಟ್ಟ ಕಲೆ ಉಶ್ಶಮ್ಮನಿಗೆ ಗುರುತು ಸಿಕ್ಕಿತು. "ನಂದೇ ಅಕ್ಕ" ಎಂದಳು. "ಅಪ್ಪ ಇದರ ಕೆಳಗಿದ್ದಾನೆ."

ಅಕ್ಕ ಕನ್ನಡಕ ತೆಗೆದಿಟ್ಟು, "ಹೋಗ್ಲಿ, ನೀನು ನೋಡಿದ್ದೀಯಲ್ಲ. ಹೇಗಿದ್ದ, ಬಾಯಲ್ಲೇ ಹೇಳು" ಎಂದಳು.

ಹೇಳೋಣವೆಂದರೆ ಉಶ್ಶಮ್ಮನ ಕಣ್ಣಿಗೆ ಕಟ್ಟುತ್ತಿದ್ದುದೂ ಆ ಅಂಗೈಯೇ.

ಅಲ್ಲಿಂದಾಚೆ ಅವಳು ಯಾರಿಗೂ 'ಉಶ್' ಅನ್ನಲಿಲ್ಲ. ಗ್ಯಾರೇಜಿನವನು ಎಷ್ಟು ಬಡಿದರೂ ತಲೆ ಎತ್ತದೆ, ಬಂದ ಮಂತ್ರಿಗಳನ್ನು ಕಟ್ಟಿಗೆ ಸೇರಿಸುತ್ತ ಕೂತಿರುತ್ತಿದ್ದಳು. ಒಂದು ಬೆಳಿಗ್ಗೆ ಕೂತ ಕುರ್ಚಿಯಲ್ಲೇ ತಣ್ಣಗಾಗಿದ್ದಳು.

ನೆರೆಯವರು ಅವಳನ್ನು ಎತ್ತಿಕೊಳ್ಳುವ ಹೊತ್ತಿಗೆ ಕಂಪ್ಯೂಟರ್ ಟಣ್ಣೆಂದಿತು. ಗ್ಯಾರೇಜಿನವನು ಬಗ್ಗಿ ನೋಡಿದ.

"ಯಾರಪ್ಪ ಬಂದದ್ದು?" ಅಕ್ಕ ಕೇಳಿದಳು.

"ಮಂತ್ರಿಗಳು, ಅಜ್ಜಿ."

ಅಕ್ಕ ತುಟಿಯ ಮೇಲೆ ಬೆರಳಿಟ್ಟಳು. "ಉಶ್! ಅವಳಿಗೆ ಕೇಳಿಸೀತು."

ಅವರು ಹೆಜ್ಜೆಯ ಸದ್ದೂ ಆಗದಂತೆ ಉಶ್ಶಮ್ಮನನ್ನು ಹೊಸಿಲು ದಾಟಿಸಿದರು.