ದಾರವಿಲ್ಲದ ಸೂಜಿ

ನನ್ನ ಗಂಡ ಸಾಯುವಾಗ ನನ್ನ ಹೆಸರು ಹೊಲಿಯುತ್ತಿರಲಿಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಹೊಲಿಯುತ್ತಿದ್ದರು ಎಂದು ಹೋಟೆಲಿನವರು ಹೇಳುತ್ತಾರೆ. ಗಾಜಿನ ಪೆಟ್ಟಿಗೆಯಲ್ಲಿಟ್ಟು ತೋರಿಸುತ್ತಾರೆ. ನೋಡಿದವರು ಕಣ್ಣೊರೆಸಿಕೊಳ್ಳುತ್ತಾರೆ. ಅದು ಸುಳ್ಳು.

ಅವರನ್ನು ಹೋಟೆಲಿನಲ್ಲಿ ಎಲ್ಲರೂ ಸೂಜಿಯಣ್ಣ ಎನ್ನುತ್ತಿದ್ದರು. ತೆಳ್ಳಗೆ, ಉದ್ದಕ್ಕೆ ಇದ್ದರು. ಹೆಸರು ಒಪ್ಪುತ್ತಿತ್ತು. ಅವರಪ್ಪನದು ಕಿಟಕಿ ಪರದೆ ಹೊಲಿಯುವ ಅಂಗಡಿ. ಅಲ್ಲೇ ನೆಲದ ಮೇಲೆ ಕೂತು ಕೈಕಸೂತಿ ಕಲಿತರು. ಮದುವೆಯಾದ ಹೊಸದರಲ್ಲಿ ಶಾಲೆ ಮಕ್ಕಳ ಅಂಗಿಗೆ, ಡಾಕ್ಟರುಗಳ ಬಿಳಿ ಕೋಟಿಗೆ ಹೆಸರು ಹಾಕಿಕೊಡುತ್ತಿದ್ದರು. ಆಮೇಲೆ ಈ ಹೋಟೆಲು ಸಿಕ್ಕಿತು.

ದೊಡ್ಡ ಹೋಟೆಲೇನಲ್ಲ. ಹಳೆಯ ಬಂಗಲೆಯೊಂದಕ್ಕೆ ಬಣ್ಣ ಬಳಿದು ಮಾಡಿದ್ದು. ಇರುವುದೇ ಕೆಲವು ಕೋಣೆ. ಕೋಣೆ ಕಡಿಮೆಯಿದ್ದಷ್ಟೂ ಬಾಡಿಗೆ ಜಾಸ್ತಿಯಂತೆ, ಅದು ಯಾವ ನ್ಯಾಯವೋ. ಬರುವವರಿಗೆ ಯಾವ ವಾಸನೆ ಹಿಡಿಸುತ್ತದೆ, ಹಾಸಿಗೆ ಮೆತ್ತಗಿರಬೇಕೋ ಗಟ್ಟಿಯಿರಬೇಕೋ ಎಂದು ಮೊದಲೇ ಕೇಳಿಟ್ಟುಕೊಳ್ಳುತ್ತಾರೆ. ತಲೆದಿಂಬಿನ ಮೇಲೆ ಅವರ ಹೆಸರಿರಬೇಕು. ಅದು ನಮ್ಮನೆಯವರ ಕೆಲಸ. ಮಧ್ಯಾಹ್ನ ಕೂತು, ಬರುವವರ ಹೆಸರು ಹೊಲಿಯುವುದು. ಬೆಳಿಗ್ಗೆ ಕೂತು, ಹೊರಟುಹೋದವರ ಹೆಸರು ಬಿಚ್ಚುವುದು. ದಿಂಬಿನ ಕವರು ದುಬಾರಿ ಬಟ್ಟೆಯದು. ಬಿಸಾಡುವಂತಿಲ್ಲ. ಒಗೆದು ಇನ್ನೊಬ್ಬರ ಹೆಸರು ಹಾಕಬೇಕು.

ಅವರ ಜಂಭವೆಲ್ಲ ಬಿಚ್ಚುವುದರಲ್ಲಿತ್ತು. ಕೊನೆಯ ಅಕ್ಷರದಿಂದ ಶುರು ಮಾಡಿ ಮೊದಲನೆಯದಕ್ಕೆ ಬರುತ್ತಿದ್ದರು. ಬ್ಲೇಡು ಮುಟ್ಟುತ್ತಿರಲಿಲ್ಲ. ಬಟ್ಟೆಯನ್ನು ಮರದ ರಿಂಗಿಗೆ ಬಿಗಿದು, ದಾರ ಪೋಣಿಸದ ಸೂಜಿಯಿಂದ ಒಂದೊಂದೇ ಹೊಲಿಗೆ ಎತ್ತುತ್ತಿದ್ದರು. ಆಮೇಲೆ ಬೆರಳು ಒದ್ದೆ ಮಾಡಿಕೊಂಡು ಉಜ್ಜಿ, ಉಗುರಿನಿಂದ ತೀಡಿ, ಸೂಜಿ ಹೋದ ತೂತು ಮುಚ್ಚಿಸುತ್ತಿದ್ದರು.

“ರಾತ್ರಿ ಇಲ್ಲಿ ಯಾರು ಮಲಗಿದ್ರು ಅಂತ ಪೊಲೀಸರು ಬಂದ್ರೂ ಗೊತ್ತಾಗ್ಬಾರ್ದು, ಹಾಗೆ ಬಿಚ್ತೀನಿ” ಎನ್ನುತ್ತಿದ್ದರು.

ನನ್ನ ಹೆಸರನ್ನು ಮಾತ್ರ ಯಾವತ್ತೂ ಹೊಲಿಯಲಿಲ್ಲ. ಕೇಳದೆ ಬಿಟ್ಟವಳಲ್ಲ ನಾನು.

“ರೀ, ಎಲ್ಲಿಂದಲೋ ಬಂದು ತಲೆ ಇಟ್ಟು ಹೋಗೋರ ಹೆಸರೆಲ್ಲ ಹೊಲೀತೀರಿ. ಮನೇಲಿ ಒಬ್ಳಿದಾಳೆ, ನೆನಪಿದೆಯಾ?”

“ನೀನೇನು ಬೆಳಿಗ್ಗೆ ರೂಮು ಖಾಲಿ ಮಾಡ್ಕೊಂಡು ಹೋಗ್ತೀಯಾ?”

“ಹೋದ್ರೂ ಹೋದೆ. ಹೇಳೋಕಾಗಲ್ಲ.”

“ಹೋಗೋ ಹಿಂದಿನ ದಿನ ಹೇಳು. ಹೊಲಿದು ಕೊಡ್ತೀನಿ.”

ಹೊಲಿದ ಹೆಸರೆಂದರೆ ಬಿಚ್ಚಬೇಕಾದ ಹೆಸರು. ಅವರ ತಲೆಯಲ್ಲಿ ಹಾಗೆ ಕೂತುಬಿಟ್ಟಿತ್ತು. ಮಗಳ ಫ್ರಾಕಿಗೆ ಹೂವು ಹಾಕಿದರು, ಬಾತುಕೋಳಿ ಹಾಕಿದರು. ಹೆಸರು ಹಾಕಿ ಎಂದರೆ ಕಿವುಡರಾಗುತ್ತಿದ್ದರು. ಆಗ ನನಗೆ ಸಿಟ್ಟು ಬರುತ್ತಿತ್ತು.

ಆಮೇಲೆ ಹೋಟೆಲು ಕೈ ಬದಲಾಯಿತು. ಹೊಸ ಮ್ಯಾನೇಜರ್ ಬಂದರು. ಕೋಣೆ ತುಂಬ ಮಾತಾಡುವ ಸಾಮಾನುಗಳು ಬಂದವು. ಪಕ್ಕಕ್ಕೆ ಸರಿ ಎಂದರೆ ಪರದೆ ಸರಿಯುತ್ತದೆ. ಕನ್ನಡಿ ಹೆಸರು ಹಿಡಿದು ಕರೆಯುತ್ತದೆ. ಹೋದ ಸಲ ನಿಮಗೆ ಸ್ನಾನಕ್ಕೆ ನೀರು ಎಷ್ಟು ಬಿಸಿ ಬೇಕಿತ್ತು ಎಂದು ನಲ್ಲಿ ನೆನಪಿಟ್ಟುಕೊಂಡಿರುತ್ತದೆ.

“ನೋಡು, ಒಂದು ನಲ್ಲಿಗಿರೋ ಜ್ಞಾಪಕಶಕ್ತಿ ನಿನಗಿಲ್ಲ” ಎಂದರು ನಮ್ಮನೆಯವರು ಒಂದು ದಿನ.

“ಆ ನಲ್ಲೀನೇ ಮದುವೆ ಆಗ್ಬೇಕಿತ್ತು ನೀವು” ಎಂದೆ.

ಒಂದು ದಿನ ಕ್ಯಾಮೆರಾದವರು ಬಂದರಂತೆ. ಇವರನ್ನು ಕೂರಿಸಿ ಎಲ್ಲ ಅಕ್ಷರ ಹೊಲಿಸಿದರು. ಬೆರಳು ತಿರುಗುವುದು, ದಾರ ಎಳೆಯುವುದು, ಎಲ್ಲವನ್ನೂ ಹಿಡಿದುಕೊಂಡು ಹೋದರು. ‘ನಿಮ್ಮ ಕೆಲಸ ಹಗುರ ಆಗಲಿ ಅಂತ’ ಎಂದರಂತೆ. ಇವರು ಹಿಗ್ಗಿಕೊಂಡು ಮನೆಗೆ ಬಂದರು. ಸ್ವಲ್ಪ ದಿನಕ್ಕೆ ಮೆಷಿನು ಬಂತು. ಇವರ ಕೈಬರಹದಲ್ಲೇ ಹೆಸರು ಹೊಲಿಯುವ ಮೆಷಿನು. ಅಕ್ಷರದ ಬಾಲವನ್ನು ಸ್ವಲ್ಪ ಮೇಲಕ್ಕೆ ಎಳೆಯುವುದು ಇವರ ಅಭ್ಯಾಸ. ಅದೂ ಎಳೆಯಿತು.

ಕೆಲಸ ಹಗುರವಾಯಿತು. ಹೊಲಿಯುವುದು ಮೆಷಿನಿಗೆ, ಬಿಚ್ಚುವುದು ಇವರಿಗೆ. ಕೊನೆಯ ಒಂದು ವರ್ಷ ಆ ಹೋಟೆಲಿನಲ್ಲಿ ನಮ್ಮನೆಯವರು ಒಂದು ಅಕ್ಷರವನ್ನೂ ಹೊಲಿಯಲಿಲ್ಲ. ತಮ್ಮ ಕೈಯದೇ ಎಂಬಂತೆ ಕಾಣುವ, ತಾವು ಹೊಲಿಯದ ಹೆಸರುಗಳನ್ನು ಕೂತು ಕಿತ್ತರು. ಮೆಷಿನ್ ಹೊಲಿಗೆ ಬಿಗಿ. ಬಟ್ಟೆಯನ್ನು ಕಚ್ಚಿ ಹಿಡಿದಿರುತ್ತದೆ. ಬೆರಳ ತುದಿ ಒಡೆದು ಮನೆಗೆ ಬಂದು, ಎಣ್ಣೆ ಹಚ್ಚಿಕೊಂಡು ಗೋಡೆ ನೋಡುತ್ತ ಕೂರುತ್ತಿದ್ದರು. ತಮಾಷೆ ನಿಂತುಹೋಯಿತು.

“ಬಿಟ್ಟು ಬನ್ನಿ ಆ ಕೆಲಸ” ಎಂದೆ.

“ನಾನು ಬಿಟ್ರೆ ಬ್ಲೇಡು ಹಾಕಿ ಬಟ್ಟೆ ಹರೀತಾರೆ.”

ಬೆರಳು ಹರಿದರೆ ಚಿಂತೆಯಿಲ್ಲ. ಬಟ್ಟೆಯ ಚಿಂತೆ ಆ ಮನುಷ್ಯನಿಗೆ.

ಒಂದು ಬೆಳಿಗ್ಗೆ ಲಾಂಡ್ರಿ ಕೋಣೆಯಲ್ಲಿ ಸ್ಟೂಲಿನ ಮೇಲೆ ಕೂತಿದ್ದವರು ಹಾಗೇ ಪಕ್ಕಕ್ಕೆ ವಾಲಿದರು. ಇಸ್ತ್ರಿ ಮಾಡುವ ಹೆಂಗಸು ನೀರು ತರುವಷ್ಟರಲ್ಲಿ ಮುಗಿದಿತ್ತು. ಬೆಳಿಗ್ಗೆ ಎಂದರೆ ಬಿಚ್ಚುವ ಹೊತ್ತು. ಇದು ಆ ಹೋಟೆಲಿನಲ್ಲಿ ಎಲ್ಲರಿಗೂ ಗೊತ್ತು.

ಕೆಲವು ತಿಂಗಳು ಹೋದವು. ಸಂತೆಯಲ್ಲಿ ತರಕಾರಿಯವಳು ನನ್ನ ಕೈ ಹಿಡಿದುಕೊಂಡಳು.

“ಅಕ್ಕಾ, ಪುಣ್ಯವಂತೆ ಬಿಡಿ ನೀವು. ಪ್ರಾಣ ಹೋಗೋವಾಗ್ಲೂ ನಿಮ್ಮ ಹೆಸರೇ ಅಂತೆ. ನಮ್ಮನೆಯವನು ಬದುಕಿದ್ದು ಏನು ಉಪಯೋಗ, ನನ್ನ ‘ಏಯ್’ ಅಂತಾನೆ ಅಷ್ಟೇ.”

ಏನು ಹೇಳುತ್ತಿದ್ದಾಳೆಂದು ತಿಳಿಯಲಿಲ್ಲ. ಮನೆಗೆ ಬಂದರೆ ಮಗಳು ಫೋನು ಹಿಡಿದು ಅಳುತ್ತ ಕೂತಿದ್ದಳು. ಅವಳು ಕನ್ನಡಕದ ಅಂಗಡಿಯಲ್ಲಿ ಕೆಲಸಕ್ಕಿದ್ದಾಳೆ. ಅಲ್ಲಿ ಯಾರೋ ಕಳಿಸಿದರಂತೆ. ಹೋಟೆಲಿನವರು ಮಾಡಿದ ವಿಡಿಯೋ. ಗಾಜಿನ ಪೆಟ್ಟಿಗೆಯಲ್ಲಿ ನಮ್ಮನೆಯವರ ಮರದ ರಿಂಗು. ಕಸೂತಿಗೆ ಬಟ್ಟೆ ಬಿಗಿಯುವ ರಿಂಗು, ಅವರಪ್ಪನ ಕಾಲದ್ದು. ಅದರಲ್ಲಿ ದಿಂಬಿನ ಕವರಿನ ಬಿಳಿ ಬಟ್ಟೆ. ಬಟ್ಟೆಯ ಮೇಲೆ ಒಂದೇ ಅಕ್ಷರ. ಪಕ್ಕದಲ್ಲಿ ಚುಚ್ಚಿದ ಸೂಜಿ, ಸೂಜಿಯಲ್ಲಿ ಕೆಂಪು ದಾರ. ಒಬ್ಬಳು ಜೇನಿನಂಥ ದನಿಯಲ್ಲಿ ಹೇಳುತ್ತಾಳೆ: ನಮ್ಮ ಸೂಜಿಯಣ್ಣ ಕೊನೆಯದಾಗಿ ಹೊಲಿಯುತ್ತಿದ್ದದ್ದು ತನ್ನ ಹೆಂಡತಿಯ ಹೆಸರನ್ನು, ಅದೇ ಕೈಬರಹದಲ್ಲಿ ನಿಮ್ಮ ಹೆಸರೂ ನಿಮ್ಮ ದಿಂಬಿನ ಮೇಲೆ, ಇಂದೇ ಕೋಣೆ ಕಾದಿರಿಸಿ.

“ಬಾಯಲ್ಲಿ ಹೇಳ್ಲಿಲ್ಲ, ಹೊಲಿದು ಹೋದ್ರು ಅಪ್ಪ. ಅಲ್ವಾಮ್ಮ?” ಎಂದಳು.

“ಸುಳ್ಳು ಅದು.”

“ನಿನ್ನ ಹೆಸರಿನ ಮೊದಲನೇ ಅಕ್ಷರ ಇದೆಯಲ್ಲ.”

“ಈ ಬೀದೀಲಿ ಅರ್ಧ ಜನರ ಹೆಸರು ಅದ್ರಿಂದಲೇ ಶುರು. ಮೂಲೆ ಮನೆ ನಾಯೀದೂ ಅದೇ.”

“ಇರ್ಲಿ ಬಿಡಮ್ಮ. ಸುಳ್ಳಾದ್ರೂ ಚೆನ್ನಾಗಿದೆ.”

ನನ್ನ ಮೈಯೆಲ್ಲ ಉರಿದುಹೋಯಿತು. ಚೆನ್ನಾಗಿದೆಯಂತೆ. ಹೀಗೇ ಬಿಟ್ಟರೆ ಹೆತ್ತ ಮಗಳೇ ಇನ್ಯಾವನನ್ನೋ ಅಪ್ಪ ಎಂದು ನೆನೆಸಿಕೊಳ್ಳುತ್ತಾಳೆ. ನನ್ನ ಜೊತೆ ಬಾಳಿದವನು ಹಟಮಾರಿ. ಹೆಸರು ಹೊಲಿ ಎಂದರೆ ಹೊಲಿಯದವನು. ನನಗೆ ಉಳಿದಿರುವುದು ಆ ಮನುಷ್ಯ ಇದ್ದದ್ದು ಇದ್ದ ಹಾಗೆ, ಅಷ್ಟೇ. ಅದನ್ನೂ ಕಿತ್ತುಕೊಂಡು ಕೋಣೆ ಬಾಡಿಗೆಗೆ ಹಚ್ಚಿದ್ದಾರೆ. ಆ ರಿಂಗು ಮನೆಗೆ ಬರಬೇಕು, ಆ ಕಥೆ ನಿಲ್ಲಬೇಕು ಎಂದು ಹೊರಟೆ. ಮಗಳು ರಜ ಹಾಕಿ ಜೊತೆಗೆ ಬಂದಳು, ನಾನು ಜಗಳ ಮಾಡುತ್ತೇನೆಂದು ಹೆದರಿ.

ಮ್ಯಾನೇಜರ್ ಬಾಗಿಲಲ್ಲೇ ಎದುರುಗೊಂಡರು. ಕೈ ಮುಗಿದರು. ನಾನು ಬಾಯಿ ತೆರೆಯುವ ಮುಂಚೆ, “ಅಮ್ಮ, ಮೊದಲು ಬನ್ನಿ, ನಿಮಗೆ ಒಂದು ತೋರಿಸ್ಬೇಕು” ಎಂದು ಮಹಡಿಯ ಕೋಣೆಗೆ ಕರೆದುಕೊಂಡು ಹೋದರು. ನಾವು ಬರುತ್ತೇವೆಂದು ಮಗಳು ಫೋನು ಮಾಡಿ ತಿಳಿಸಿದ್ದೇ ತಪ್ಪಾಯಿತು. ಎಲ್ಲ ಸಜ್ಜು ಮಾಡಿಟ್ಟಿದ್ದರು.

ಕಾಲಿಟ್ಟ ಕೂಡಲೇ ಪರದೆ ಸರಿಯಿತು. ಎಲ್ಲಿಂದಲೋ ಮಲ್ಲಿಗೆ ವಾಸನೆ. ಕನ್ನಡಿಯ ಮೇಲೆ ಅಕ್ಷರ ಮೂಡಿತು. ನನ್ನ ಹೆಸರು, ಪಕ್ಕದಲ್ಲಿ ಅವರ ಹೆಸರು, ಇಬ್ಬರಿಗೂ ಸ್ವಾಗತ. ಹಾಸಿಗೆಯ ಮೇಲೆ ಎರಡು ದಿಂಬು. ಒಂದರ ಮೇಲೆ ನಾನು, ಇನ್ನೊಂದರ ಮೇಲೆ ಅವರು. ಬಾಲ ಮೇಲಕ್ಕೆ ಎಳೆದ ಅಕ್ಷರ. ಮುಟ್ಟಿ ನೋಡಿದೆ. ಹಾಸಿಗೆ ಎರಡೂ ಕಡೆ ಬೆಚ್ಚಗಿತ್ತು.

“ಇವರ ಕಡೆ ಯಾಕೆ ಕಾಯಿಸಿದ್ದೀರಿ?” ಎಂದೆ.

“ಅದು ತಾನಾಗೇ ಆಗುತ್ತಮ್ಮ. ಎರಡು ಹೆಸರು ಕೊಟ್ರೆ ಎರಡೂ ಕಡೆ ಬಿಸಿ ಆಗುತ್ತೆ.”

“ಸತ್ತವರಿಗೂ?”

ಅವರು ಆ ದಿಂಬನ್ನು ಸರಿಯಾಗಿ ಇಟ್ಟರು. ಆಮೇಲೆ, “ಇವತ್ತು ಇಲ್ಲೇ ಇರಿ, ಎಲ್ಲ ನಮ್ಮ ಕಡೆಯಿಂದ. ನಿಮಗೋಸ್ಕರಾನೇ ಮಾಡಿಸಿದ್ದು” ಎಂದರು.

“ನನಗೆ ರಿಂಗು ಕೊಡಿ. ಅವರಪ್ಪನದು ಅದು. ಆ ವಿಡಿಯೋ ತೆಗೀರಿ. ಅವರು ಹೊಲೀತಿರ್ಲಿಲ್ಲ, ಬಿಚ್ತಿದ್ರು. ನಿಮ್ಮ ಮೆಷಿನ್ ಹೊಲಿದಿದ್ದನ್ನೇ ಬಿಚ್ತಿದ್ರು. ಆ ಒಂದಕ್ಷರ ಯಾರೋ ಬಂದುಹೋದವರ ಹೆಸರಲ್ಲಿ ಉಳಿದಿದ್ದು. ನಿಮಗೂ ಗೊತ್ತು.”

“ಅಮ್ಮ, ಯಾರಿಗೆ ನಷ್ಟ ಹೇಳಿ? ಅಣ್ಣನ ಬಗ್ಗೆ ಜನ ಒಳ್ಳೇ ಮಾತಾಡ್ತಿದಾರೆ.”

“ಒಳ್ಳೇ ಮಾತು ಅವರು ಉಸಿರಾಡೋವಾಗ ಆಡ್ಬೇಕಿತ್ತು. ಆಗ ಸ್ಟೂಲ್ ಮೇಲೆ ಕೂರಿಸಿ ಬೆರಳು ಕಿತ್ತು ಬರೋ ಹಾಗೆ ಮಾಡಿದ್ರಿ.”

ಮಗಳು ನನ್ನ ಸೆರಗು ಹಿಡಿದು ಎಳೆದಳು. ಬಾಗಿಲಲ್ಲಿ ಇಸ್ತ್ರಿ ಹೆಂಗಸು ಬಟ್ಟೆ ಬುಟ್ಟಿ ಹಿಡಿದು ನಿಂತಿದ್ದಳು. ಅವರು ವಾಲಿದಾಗ ನೀರು ತಂದವಳು ಇವಳೇ. ನನ್ನ ಮುಖ ನೋಡಲಿಲ್ಲ. ನೆಲ ನೋಡುತ್ತ ಹೇಳಿದಳು:

“ಅಕ್ಕ, ಸೂಜೀಲಿ ದಾರ ಇರ್ಲಿಲ್ಲ. ಫೋಟೋದಲ್ಲಿ ಚೆನ್ನಾಗಿ ಕಾಣಲ್ಲ ಅಂತ ಪೋಣಿಸೋಕೆ ಹೇಳಿದ್ರು. ನಾನೇ ಪೋಣಿಸ್ಕೊಟ್ಟೆ.”

“ನೀನು ಹೋಗು, ಕೆಲಸ ನೋಡು” ಎಂದರು ಮ್ಯಾನೇಜರ್.

ಮಗಳು ನನ್ನ ಸೆರಗು ಬಿಟ್ಟಳು. “ದಾರ ನೀವು ಹಾಕಿಸಿದ್ದಾ?” ಎಂದು ಅವರನ್ನು ಕೇಳಿದಳು. ಅವರು ಏನೋ ಇಂಗ್ಲಿಷಿನಲ್ಲಿ ಹೇಳಿದರು. ಮಗಳು ನನಗಿಂತ ಮುಂದೆ ಮೆಟ್ಟಿಲಿಳಿದಳು.

ಗಾಜಿನ ಪೆಟ್ಟಿಗೆ ಕೆಳಗೆ, ಬಂದವರು ಕೂರುವ ಜಾಗದಲ್ಲಿ, ದೀಪದ ಕೆಳಗಿತ್ತು. ಮ್ಯಾನೇಜರ್ ಹಿಂದೆಯೇ ಬಂದು, ಬೀಗದ ಕೈ ಮಾಲೀಕರ ಹತ್ತಿರ ಇದೆ ಎಂದರು. ಇಸ್ತ್ರಿ ಹೆಂಗಸು ಬುಟ್ಟಿ ಕೆಳಗಿಟ್ಟಳು.

“ಯಾವ ಬೀಗ? ದಿನಾ ಒರೆಸೋಳು ನಾನು” ಎಂದು ಗಾಜನ್ನು ಎರಡು ಕೈಯಲ್ಲಿ ಎತ್ತಿ ಪಕ್ಕಕ್ಕಿಟ್ಟಳು.

ರಿಂಗು ಕೈಗೆ ಬಂತು. ಅಂಚಿನಲ್ಲಿ ಅವರ ಹೆಬ್ಬೆರಳು ಸವೆಸಿದ ಜಾಗ ಹಾಗೇ ಇತ್ತು. ನನ್ನ ಹೆಬ್ಬೆರಳು ಅದರಲ್ಲಿ ಕೂರಲಿಲ್ಲ, ಚಿಕ್ಕದಾಯಿತು. ನೆಟ್ಟಗೆ ತೆಗೆದುಕೊಂಡು ಹೊರಟುಬಿಡಬಹುದಿತ್ತು. ಆದರೆ ಬಟ್ಟೆಯ ಮೇಲೆ ಆ ಒಂದು ಅಕ್ಷರ ಉಳಿದಿತ್ತು. ಅವರು ಯಾವತ್ತೂ ಅರ್ಧ ಬಿಟ್ಟು ಎದ್ದವರಲ್ಲ. ಅಲ್ಲಿದ್ದ ಮೆತ್ತನೆ ಕುರ್ಚಿಯಲ್ಲಿ ಕೂತೆ. ಸೂಜಿಯಿಂದ ಕೆಂಪು ದಾರ ಎಳೆದು ಬಿಸಾಡಿದೆ. ಬಿಚ್ಚಲು ಶುರು ಮಾಡಿದೆ.

ಹೊಲಿಗೆ ಅಲ್ಲಾಡಲಿಲ್ಲ. ಅಷ್ಟು ಬಿಗಿ. ಒಂದು ವರ್ಷ ಇದನ್ನು ಕಿತ್ತರಲ್ಲ ಎಂದುಕೊಂಡು ಸೂಜಿಯನ್ನು ಇನ್ನೂ ಒತ್ತಿ ತೂರಿಸಿದೆ. ಮಗಳು ಮಂಡಿಯೂರಿ ಕೂತು ರಿಂಗು ಹಿಡಿದುಕೊಂಡಳು. ಜನ ಸೇರಿದರು. ದೊಡ್ಡ ಪೆಟ್ಟಿಗೆ ಎಳೆದುಕೊಂಡು ಬಂದ ಒಬ್ಬಾಕೆ, “ಅಯ್ಯೋ, ಯಾಕಮ್ಮ ಬಿಚ್ತಿದೀರಿ? ಅವರ ಹೆಂಡತಿ ಹೆಸರಲ್ವಾ ಅದು?” ಎಂದರು.

“ಹೆಂಡತಿ ನಾನೇ” ಎಂದೆ. “ಹೆಸರು ನಂದಲ್ಲ. ಅವರು ಮಾಡ್ತಿದ್ದ ಕೆಲಸ ಇದು, ಮುಗಿಸ್ತಿದೀನಿ.”

ಆಕೆ ಮ್ಯಾನೇಜರ್ ಕಡೆ ನೋಡಿದರು. ಮ್ಯಾನೇಜರ್ ಫೋನ್ ಕಡೆ ನೋಡಿದರು.

ಕೊನೆಯ ಎಳೆ ಬರುವಾಗ ಬಟ್ಟೆ ಸ್ವಲ್ಪ ಹರಿಯಿತು. ಬೆರಳು ಒದ್ದೆ ಮಾಡಿಕೊಂಡು ಉಜ್ಜಿದೆ. ಉಗುರಿನಿಂದ ತೀಡಿದೆ. ತೂತು ಮುಚ್ಚಲಿಲ್ಲ. ಅವರ ಕೈಗೆ ಮುಚ್ಚುತ್ತಿತ್ತು. ಅಷ್ಟು ಜನರ ಎದುರು ಕಣ್ಣಲ್ಲಿ ನೀರು ಬಂದದ್ದು ಆಗಲೇ. ಬಟ್ಟೆ ಬಿಚ್ಚಿ ಮ್ಯಾನೇಜರ್ ಕೈಗೆ ಕೊಟ್ಟೆ.

“ಇದು ನಿಮ್ದು. ಹರಿದಿದೆ. ಇಟ್ಕೊಳ್ಳಿ.”

ರಿಂಗನ್ನೂ ಸೂಜಿಯನ್ನೂ ಮಗಳು ಕೈಚೀಲಕ್ಕೆ ಹಾಕಿಕೊಂಡಳು. ಬಸ್ಸು ಕಾಯುವಾಗ ಆ ಚೀಲವನ್ನು ತೊಡೆಯ ಮೇಲಿಟ್ಟುಕೊಂಡು ಕೂತಳು. ಆಮೇಲೆ ಕೇಳಿದಳು:

“ನಿನ್ನ ಹೆಸರು ಒಂದ್ಸಲಾನೂ ಹೊಲಿಲಿಲ್ವಾಮ್ಮ ಅಪ್ಪ?”

“ಇಲ್ಲ.”

“ನಂದು?”

“ನಿಂದೂ ಇಲ್ಲ. ಬಾತುಕೋಳಿ ಹಾಕ್ತಿದ್ರು.”

“ಎಂಥಾ ಮನುಷ್ಯ!” ಎಂದಳು. ನಗು ಬಂತು ಅವಳಿಗೆ, ಅಳುವಿನ ಮಧ್ಯೆಯೇ. ನನಗೆ ಅದು ಸಾಕಾಯಿತು. ಅವಳು ಹಾಗೆ ಬೈದದ್ದು ಅವಳ ಅಪ್ಪನನ್ನೇ.

ಇಸ್ತ್ರಿ ಹೆಂಗಸನ್ನು ಆ ವಾರವೇ ಕೆಲಸದಿಂದ ತೆಗೆದರು. ಈಗ ನಮ್ಮ ಬೀದಿಯ ಲಾಂಡ್ರಿಯಲ್ಲಿದ್ದಾಳೆ. ಅವಳೇ ಹೇಳಿದಳು, ಗಾಜಿನ ಪೆಟ್ಟಿಗೆಯಲ್ಲಿ ಈಗ ಬೇರೆ ರಿಂಗು ಇಟ್ಟಿದ್ದಾರಂತೆ. ಅಂಗಡಿಯಿಂದ ತಂದದ್ದು. ಮೆಷಿನಿನಿಂದ ಒಂದು ಅಕ್ಷರ ಹೊಲಿಸಿ, ಕೆಂಪು ದಾರದ ಸೂಜಿ ಚುಚ್ಚಿದ್ದಾರಂತೆ. ಅದೇ ವಿಡಿಯೋ, ಅದೇ ಜೇನಿನ ದನಿ. ಹಾಳಾಗಿಹೋಗಲಿ. ನೋಡಿ ಅಳುವವರು ಅಳಲಿ. ತರಕಾರಿಯವಳಿಗೆ ನಾನು ನಿಜ ಹೇಳಿದ್ದೇನೆ, ಅವಳಿಗೆ ಅದು ಅಷ್ಟಾಗಿ ಹಿಡಿಸಲಿಲ್ಲ.

ನಮ್ಮನೆಯವರ ರಿಂಗು ನಮ್ಮ ಮನೆಯ ಗೋಡೆಯ ಮೊಳೆಗೆ ನೇತುಹಾಕಿದೆ. ಅದಕ್ಕೆ ಬಟ್ಟೆ ಬಿಗಿದಿಲ್ಲ. ಪಕ್ಕದ ಕ್ಯಾಲೆಂಡರಿಗೆ ಸೂಜಿ ಚುಚ್ಚಿಟ್ಟಿದ್ದೇನೆ. ಅದಕ್ಕೆ ದಾರವಿಲ್ಲ.