ಗುರುವಾರದ ಗಾಡಿ

ಮಲಂಗಸಾಬರ ಇಸ್ತ್ರಿ ಮಾಡಿದ ಖಾಕಿ ಕೋಟು ಮತ್ತು ಕಂಕುಳಲ್ಲಿದ್ದ ಕೆಂಪು ಬಾವುಟ ನೋಡಿ ನಾನು ಮೋಸಹೋಗಿದ್ದೆ. ಬ್ಯಾಡಗಿಗೆ ಆಗಷ್ಟೇ ವರ್ಗವಾಗಿ ಬಂದಿದ್ದವನು, ಊರ ಹೊರಗಿನ ಆ ಹಳೆಯ ಕವಲು ಹಳಿಯ ಮೇಲೆ ಇನ್ನೂ ಪ್ಯಾಸೆಂಜರ್ ಓಡುತ್ತದೆಂದು ನಂಬಿ ಟಿಕೆಟ್ ಕೇಳಿದೆ. 'ಈ ಗಾಡ್ಯಾಗ ಹೋಗಾಕ ನೀವೇನು ಗೊಬ್ಬರದ ಚೀಲೇನ್ರಿ?' ಎಂದರು. ಮಂದಿಯ ಗಾಡಿ ನಿಂತು ಆರು ವರ್ಷವಾಗಿತ್ತು. ಗುರುವಾರಕ್ಕೊಮ್ಮೆ ಗೊಬ್ಬರದ ಗೂಡ್ಸ್ ಬರುತ್ತದೆ, ಅಷ್ಟೆ. ಆ ಒಂದು ಗಾಡಿಗಾಗಿ, ಸ್ಟೇಶನ್ನಿಗೆ ಉಳಿದಿರುವ ಏಕೈಕ ನೌಕರರಾದ ಸಾಬರು ಬುಧವಾರವೇ ಮೀಸೆ ಕತ್ತರಿಸಿಕೊಳ್ಳುತ್ತಾರೆ, ಬೆಂಚೂ ಇಲ್ಲದ ವೇಟಿಂಗ್ ರೂಮು ಗುಡಿಸುತ್ತಾರೆ, 'ನಮ್ಮ ಗಾಡಿ ಟೈಮಿಗೆ ಐತಿ' ಎಂದು ಕೇಳದವರಿಗೂ ಹೇಳುತ್ತಾರೆ. ಗುರುವಾರ ಗಾಡಿಗಿಂತ ಒಂದು ತಾಸು ಮೊದಲೇ ಕೈಗಂಟೆ ಬಾರಿಸುತ್ತ ಹಳಿಗುಂಟ ಒಂದು ಮೈಲಿ ನಡೆಯುತ್ತಾರೆ. ಹಳಿಯ ನಡುವೆ ಮೆಣಸಿನಕಾಯಿ ಒಣಹಾಕಿದವರನ್ನೂ ಅಲ್ಲೇ ಮೇಯುವ ಆಡುಗಳನ್ನೂ 'ಏಳ್ರಿ, ಏಳ್ರಿ, ಇದು ನಿಮ್ಮ ಅಂಗಳಲ್ಲ' ಎಂದು ಒಂದೇ ದನಿಯಲ್ಲಿ, ಅದೇ ಮರ್ಯಾದೆ ಕೊಟ್ಟು ಗದರಿಸುತ್ತಾರೆ. ಕಿವಿ ಕೇಳದ ಭರಮವ್ವನ ಹತ್ತಿರ ಮಾತ್ರ ಗಂಟೆ ಕೆಳಗಿಟ್ಟು, ಇಸ್ತ್ರಿಯ ಪ್ಯಾಂಟಿನಲ್ಲೇ ಮೊಣಕಾಲೂರಿ, ತಾವೇ ಕಾಯಿ ಬಾಚಿ ಚೀಲಕ್ಕೆ ತುಂಬಿ, ಆಕೆಯ ಕೈ ಹಿಡಿದು ಹಳಿ ದಾಟಿಸುತ್ತಾರೆ. 'ಅಲ್ರೀ ಸಾಬ್ರ, ವಾರಕ್ಕೊಂದು ಗಾಡಿಗೆ ಇಷ್ಟು ಗದ್ದಲ ಯಾಕ?' ಎಂದು ಒಮ್ಮೆ ನಕ್ಕೆ. ಸಾಬರು ಮೊಣಕಾಲಿನ ಧೂಳು ಝಾಡಿಸಿಕೊಂಡರು. 'ದಿನಾ ಬರೂ ಗಾಡಿ ಎಲ್ಲಾರಿಗೂ ನೆನಪಿರತೈತ್ರಿ. ವಾರಕ್ಕೊಮ್ಮೆ ಬರೂ ಗಾಡೀನೇ ಮಂದೀನ್ನ ಕೊಲ್ಲೂದು.'